ಡ್ರಮ್ಮಿನ ಮೇಲಿನ ಕೈ

ಹೊಸ ಜೀನ್ಸ್ ಪ್ಯಾಂಟು ಹಳೆಯದರಂತೆ ಕಾಣುವ ಹಾಗೆ ಮಾಡುವುದು ನಮ್ಮ ಕೆಲಸ. ತೊಡೆ, ಮೊಣಕಾಲಿನ ಜಾಗಕ್ಕೆ ನೇರಳೆ ಬಣ್ಣದ ಮದ್ದು ಸಿಂಪಡಿಸುತ್ತೇವೆ. ನೀಲಿ ಮಾಸುತ್ತದೆ. ಅದೇ ಮದ್ದು ಕೈಗೆ ತಾಗಿದರೆ ಚರ್ಮ ಕಂದುಗಟ್ಟುತ್ತದೆ, ಸೋಪಿಗೆ ಜಗ್ಗುವುದಿಲ್ಲ. ನಮ್ಮ ಮಾಸೇರು ಪಟ್ಟಣದ ಟ್ಯಾಕ್ಸಿಯಲ್ಲಿ ಕೈ ನೋಡಿದರೆ ಸಾಕು, ಇವಳು ತೆತ್ಸಾನೆ ಬಡಾವಣೆಯ ಕಾರ್ಖಾನೆಯವಳು ಎಂದು ಗೊತ್ತಾಗಿಬಿಡುತ್ತದೆ.

ಆ ಕಲೆ ತೆಗೆಯಲು ನಾವು ಒಂದು ದಾರಿ ಕಂಡುಕೊಂಡಿದ್ದೆವು. ತೊಳೆಯುವ ಯಂತ್ರಗಳ ಪಕ್ಕದ ಮೂಲೆಯಲ್ಲಿ ನೀಲಿ ಡ್ರಮ್ಮೊಂದು ಇರುತ್ತಿತ್ತು. ಮದ್ದಿನ ಬಣ್ಣ ಕಳೆಯಲು ಕಲಸಿಟ್ಟ ತೆಳು ನೀರು ಅದರಲ್ಲಿ. ಸಂಜೆ ಮನೆಗೆ ಹೊರಡುವ ಮುಂಚೆ ಕೈ ಅದ್ದಿ ಉಜ್ಜಿದರೆ ಕಂದು ಹೋಗುತ್ತಿತ್ತು. ಯಾರೂ ಹೇಳಿಕೊಟ್ಟದ್ದಲ್ಲ, ಒಬ್ಬರನ್ನು ನೋಡಿ ಒಬ್ಬರು ಕಲಿತದ್ದು.

ಚಳಿಗಾಲದ ಒಂದು ಶುಕ್ರವಾರ ಆ ಮೂಲೆಯಲ್ಲಿ ಹೊಸ ಡ್ರಮ್ಮು ನಿಂತಿತ್ತು, ಮುಚ್ಚಳ ಆಗಲೇ ತೆರೆದಿತ್ತು. ಅದೇ ನೀಲಿ, ಅದೇ ಗಾತ್ರ. ಮೈತುಂಬ ಚೀನೀ ಅಕ್ಷರ, ಅದರ ಕೆಳಗೆ ಕೆಂಪು ಅಂಚಿನ ಮೂರು ಚಿತ್ರಗಳು. ಒಂದರಲ್ಲಿ ಎರಡು ಕೊಳವೆಗಳಿಂದ ಹನಿ ಬೀಳುತ್ತಿತ್ತು. ಒಂದರ ಹನಿ ಹಲಗೆಯ ಮೇಲೆ, ಇನ್ನೊಂದರದು ಅಂಗೈಯ ಮೇಲೆ.

"ನೋಡ್ರೇ, ಕೊನೆಗೂ ಆಫೀಸಿನೋರಿಗೆ ಬುದ್ಧಿ ಬಂತು!" ಎಂದು ಕೆಕೆಟ್ಸೊ ಕೂಗಿದಳು. "ಕೈ ತೊಳೆಯೋ ಡ್ರಮ್ಮಿಗೆ ಕೈ ಚಿತ್ರನೇ ಹಾಕಿಸಿದಾರೆ."

ನಾವೆಲ್ಲ ನಕ್ಕೆವು. ಕೆಕೆಟ್ಸೊ ನಮ್ಮ ಸಾಲಿನ ಹಾಡುಗಾತಿ. ಭಾನುವಾರ ಚರ್ಚಿನಲ್ಲಿ ಹಾಡಲು ಎಲ್ಲರಿಗಿಂತ ಮುಂದೆ ನಿಲ್ಲುವವಳು. ಕಂದು ಕೈಯಲ್ಲಿ ನಿಲ್ಲಲು ಅವಳಿಗೆ ನಾಚಿಕೆ. ತಗಡಿನ ಲೋಟದಲ್ಲಿ ತುಂಬಿಕೊಂಡು ಎಡಗೈಯ ಮೇಲೆ ಸುರಿದುಕೊಂಡಳು.

ಮೊದಲು ಅವಳಿಗೆ ಏನೂ ಆಗಲಿಲ್ಲ. ಆಮೇಲೆ ಕೂಗಿದಳು. ಅಂಥ ಕೂಗನ್ನು ನಾನು ಹೆರಿಗೆಯ ಕೋಣೆಯಲ್ಲೂ ಕೇಳಿರಲಿಲ್ಲ.

ಒಬ್ಬಳು ವ್ಯಾಸಲೀನ್ ಡಬ್ಬಿ ಹಿಡಿದು ಓಡಿಬಂದಳು. ಇನ್ನೊಬ್ಬಳು ಬೂದಿ ಎಂದಳು. ಮಾಮೊಹಾಪಿ ಇಬ್ಬರನ್ನೂ ಪಕ್ಕಕ್ಕೆ ತಳ್ಳಿ, ಕೆಕೆಟ್ಸೊಳನ್ನು ಸೊಂಟ ಹಿಡಿದು ಎಳೆದೊಯ್ದು ನಲ್ಲಿಯ ಕೆಳಗೆ ಕೈ ಇಡಿಸಿದಳು. ನೀರು ಮಂಜಿನಷ್ಟು ತಣ್ಣಗಿತ್ತು. ಕೆಕೆಟ್ಸೊ ಒದ್ದಾಡಿದಳು, ಬೈದಳು, ಮಾಮೊಹಾಪಿಯ ಭುಜ ಕಚ್ಚಿದಳು. ಆಂಬ್ಯುಲೆನ್ಸ್ ಬರುವತನಕ ಮಾಮೊಹಾಪಿ ಆ ಕೈ ಬಿಡಲಿಲ್ಲ.

ಮಾಮೊಹಾಪಿ ನಮ್ಮ ಸಾಲಿನ ಸುರಕ್ಷತಾ ಪ್ರತಿನಿಧಿ. ಹೆಸರು ದೊಡ್ಡದು, ಆದರೆ ಆ ಕೆಲಸ ಯಾರಿಗೂ ಬೇಡವಾಗಿತ್ತು. ಅವಳ ಗಂಟಲು ಯಂತ್ರದ ಸದ್ದನ್ನೂ ಮೀರುತ್ತದೆಂದು ತಮಾಷೆಗೆ ಎಲ್ಲರೂ ಅವಳಿಗೇ ಕೈ ಎತ್ತಿದ್ದರು. ಅಲ್ಲಿಯವರೆಗೆ ಅವಳು ಮಾಡಿದ್ದೆಂದರೆ ಹರಿದ ಗ್ಲೌಸ್ ಬದಲಿಸಿಕೊಡಿ ಎಂದು ಆಫೀಸಿನ ಬಾಗಿಲು ಬಡಿದದ್ದು, ಅಷ್ಟೇ.

ಮುಂದಿನ ವಾರ ಕೆಕೆಟ್ಸೊ ಕೈಗೆ ಬಟ್ಟೆ ಸುತ್ತಿಕೊಂಡು ಬಂದಾಗ ಆಫೀಸು ಅವಳ ಮೇಲೆ ವಿಚಾರಣೆ ಇಟ್ಟಿತು. ಡ್ರಮ್ಮಿನ ಮೇಲೆ ಎಚ್ಚರಿಕೆಯ ಚೀಟಿ ಇದ್ದೂ ಲೆಕ್ಕಿಸಲಿಲ್ಲ ಎಂಬುದು ಆಪಾದನೆ. ಪ್ರತಿನಿಧಿಯೆಂದು ಮಾಮೊಹಾಪಿ ಒಳಗೆ ಹೋದಳು. ಮಾತುಕತೆಯನ್ನು ನಮ್ಮ ಸೆಸೊಥೊ ಭಾಷೆಯಲ್ಲಿ ಬರೆದುಕೊಳ್ಳಲು ನನ್ನನ್ನೂ ಕರೆದುಕೊಂಡಳು. ಒಳಗೆ ಹೋಗುವಾಗ ಅವಳ ತಲೆಯ ಮೇಲೆ ಆ ಡ್ರಮ್ಮು, ಖಾಲಿ ಮಾಡಿ ತೊಳೆದದ್ದು.

ನೌಕರರ ವ್ಯವಹಾರ ನೋಡುವ ಲೆಬೊನಾ ಎದ್ದು ನಿಂತುಬಿಟ್ಟರು. "ಏನಮ್ಮಾ ಇದು? ಬಾವಿಗೆ ಹೊರಟಿದ್ದೀಯಾ?"

"ಸಾಕ್ಷಿ ತಂದಿದ್ದೀನಿ, ನ್ತಾತೆ," ಎಂದಳು ಮಾಮೊಹಾಪಿ. ನ್ತಾತೆ ಎಂದರೆ ಅಪ್ಪ, ನಮ್ಮಲ್ಲಿ ಗಂಡಸರನ್ನೆಲ್ಲ ಹಾಗೆಯೇ ಕರೆಯುವುದು, ಬೈಯುವಾಗಲೂ. ಡ್ರಮ್ಮನ್ನು ಮೇಜಿನ ಮೇಲಿಟ್ಟಳು. "ಚೀಟಿ ಲೆಕ್ಕಿಸಲಿಲ್ಲ ಅಂತೀರಿ. ಅವಳು ಲೆಕ್ಕಿಸಿದ್ದಕ್ಕೇ ಕೈ ಸುಟ್ಟಿದ್ದು. ಕೈ ಚಿತ್ರ ಇತ್ತು, ಕೈ ಮೇಲೆ ನೀರು ಬೀಳ್ತಿತ್ತು, ಇವಳೂ ಹಂಗೇ ಮಾಡಿದಳು."

"ಅದು ಅಪಾಯದ ಗುರುತು. ಲೋಕಕ್ಕೆಲ್ಲ ಗೊತ್ತು."

"ನಂಗೆ ಗೊತ್ತಿರಲಿಲ್ಲ. ಅವತ್ತು ನನ್ನ ಪಾಳಿ ಮೊದಲು ಮುಗಿದಿದ್ರೆ ನನ್ನ ಕೈನೇ ಹೋಗ್ತಿತ್ತು. ಬರೆದುಕೊಳ್ಳೇ," ಎಂದು ನನ್ನ ಕಡೆ ತಿರುಗಿದಳು. "ಪ್ರತಿನಿಧಿಗೂ ಗೊತ್ತಿರಲಿಲ್ಲ ಅಂತ ದಪ್ಪಕ್ಷರದಲ್ಲಿ ಬರಿ."

ಎದೆಯಲ್ಲಿ ನಕ್ಷತ್ರ ಒಡೆದಂತಿದ್ದ ಮನುಷ್ಯನ ಚಿತ್ರದ ಮೇಲೆ ಬೆರಳಿಟ್ಟಳು. "ಇದನ್ನ ನಮ್ಮ ಸಾಲಲ್ಲಿ ಕೇಳಿದೆ. ಅರ್ಧ ಜನ ಯೇಸುವಿನ ಪವಿತ್ರ ಹೃದಯ ಅಂದ್ರು. ಒಬ್ಬ ಅಜ್ಜಿ ಈ ಡ್ರಮ್ಮು ಬಂದಾಗಿಂದ ದಿನಾ ಇದನ್ನ ಮುಟ್ಟಿ ಹಣೆಗೊತ್ಕೊಳ್ತಾಳೆ. ಈ ಮೂರನೇದು, ಆಶ್ಚರ್ಯದ ಗುರುತು ಇದೆಯಲ್ಲ, ಇದಕ್ಕೆ ಒಳ್ಳೇ ಮಾಲು ಅಂದ್ರು. ನಾವು ಅಕ್ಷರ ಬರದೋರಲ್ಲ, ನ್ತಾತೆ. ಚೀನೀ ಅಕ್ಷರ ಬರದೋರು, ಅಷ್ಟೆ."

ಲೆಬೊನಾ ಮೃದುವಾಗಿಯೇ ಮಾತಾಡಿದರು. ಮಾಲಿನ ಜೊತೆ ಬಂದ ವಿವರದ ಹಾಳೆಗಳು ಇಂಗ್ಲಿಷಿನಲ್ಲಿವೆ, ತಮ್ಮ ಕಪಾಟಿನಲ್ಲಿವೆ, ಕೇಳಿದ್ದರೆ ಕೊಡುತ್ತಿದ್ದೆ ಎಂದರು.

"ಇದೆ ಅಂತ ಗೊತ್ತಿದ್ರೆ ತಾನೆ ಕೇಳೋದು?" ಎಂದಳು ಕೆಕೆಟ್ಸೊ. ಆ ಕೋಣೆಯಲ್ಲಿ ಅವಳು ಆಡಿದ ಮಾತು ಅದೊಂದೇ.

ತೀರ್ಪು ಮಧ್ಯಾಹ್ನ ಬಂತು. ಕೆಕೆಟ್ಸೊಳನ್ನು ಕೆಲಸದಿಂದ ತೆಗೆದಿದ್ದರು. ಮೇಲಿನವರ ನಿರ್ಧಾರ, ನನ್ನ ಕೈಯಲ್ಲಿಲ್ಲ ಎಂದರು ಲೆಬೊನಾ. ಚಳಿಗೆ ನಾವು ಹೆಗಲ ಮೇಲೆ ಹಾಕುವ ಕಂಬಳಿಯನ್ನು ಕೆಕೆಟ್ಸೊ ಒಂದೇ ಕೈಯಲ್ಲಿ ಹೊದೆಯಲು ಪರದಾಡುತ್ತಿದ್ದಳು. ಮಾಮೊಹಾಪಿ ಅದನ್ನು ಹೊದಿಸಿ ಪಿನ್ನು ಸಿಕ್ಕಿಸಿದಳು.

ಮರುದಿನ ಬೆಳಿಗ್ಗೆ ತಳ್ಳುಗಾಡಿಯಲ್ಲಿ ಡ್ರಮ್ಮುಗಳು ಬಂದವು. ಮುಚ್ಚಳ ಬಿಚ್ಚುವ ಪಾನೆ ಮಾಮೊಹಾಪಿಯ ಬಳಿ ಇರುತ್ತದೆ. ಅವಳು ಅದನ್ನು ನೆಲದ ಮೇಲಿಟ್ಟು ಪಕ್ಕದಲ್ಲಿ ನಿಂತಳು.

"ಇದರೊಳಗೆ ಏನಿದೆ ಅಂತ ನಮ್ಮ ಮಾತಲ್ಲಿ ಹೇಳೋವರೆಗೆ ನಾನು ಮುಚ್ಚಳ ತೆಗೆಯಲ್ಲ."

ಮದ್ದಿಲ್ಲದೆ ಸಿಂಪಡಿಸುವಂತಿಲ್ಲ, ಸಿಂಪಡಿಸದೆ ತೊಳೆಯುವಂತಿಲ್ಲ. ಒಂದೊಂದೇ ಯಂತ್ರದ ಸದ್ದು ಅಡಗಿತು. ನಾನೂ ಗ್ಲೌಸ್ ಬಿಚ್ಚಿ ಕೈಕಟ್ಟಿ ನಿಂತೆ. ಪಕ್ಕದವಳು "ನಂಗೆ ಮೂರು ಮಕ್ಕಳಿವೆ ಕಣೇ" ಎಂದು ಪಿಸುಗುಟ್ಟಿದಳು. ಆದರೂ ಅವಳು ಸಾಲು ಬಿಟ್ಟು ಕದಲಲಿಲ್ಲ.

ಲೆಬೊನಾ ಓಡಿಬಂದರು. "ಗೇಟಿನ ಹೊರಗೆ ಕೆಲಸ ಬೇಕು ಅಂತ ಎಷ್ಟು ಜನ ನಿಂತಿದ್ದಾರೆ ಗೊತ್ತಾ?"

"ಗೊತ್ತು. ನಾನೂ ಅಲ್ಲಿ ನಿಂತಿದ್ದೋಳೇ. ಕರ್ಕೊಂಡ್ ಬನ್ನಿ. ಅವರಿಗೂ ಇದು ಓದಕ್ಕೆ ಬರಲ್ಲ. ಅವರದ್ದೂ ಕೈನೇ, ಮರದ್ದಲ್ಲ."

"ಮಾಮೊಹಾಪಿ, ನಿನ್ನನ್ನೂ ಕಳಿಸಿಬಿಡ್ತಾರೆ."

"ಕಳಿಸಲಿ. ಮುಚ್ಚಳ ಮುಚ್ಚೇ ಇರತ್ತೆ."

ಊಟದ ಗಂಟೆ ಹೊಡೆಯಿತು. ನಾವು ಅಲ್ಲೇ ನೆಲದ ಮೇಲೆ ಕುಳಿತು ತಣ್ಣಗಾದ ಪಾಪಾ ಎಂಬ ಮೆಕ್ಕೆಜೋಳದ ಮುದ್ದೆಯನ್ನು ಸೊಪ್ಪಿನ ಜೊತೆ ತಿಂದೆವು. ಆಗ ಗಾಜಿನ ಕೋಣೆಯ ಬಾಗಿಲು ತೆರೆಯಿತು. ಮದ್ದು ಅಳೆದು ಕಲಸುವ ಚೀನೀ ಹೆಂಗಸು ಹೊರಗೆ ಬಂದಳು. ಅವಳ ಹೆಸರು ನಮ್ಮ ನಾಲಿಗೆಗೆ ಹೊರಳದೆ ಪಾಲೆಸಾ, ಅಂದರೆ ಹೂವು, ಎಂದು ಕರೆಯುತ್ತಿದ್ದೆವು. ಇಷ್ಟು ವರ್ಷ ಅವಳು ನಮ್ಮ ಜೊತೆ ಮಾತಾಡಿದ್ದು ಮಾರುಕಟ್ಟೆಯ ನಾಲ್ಕು ಮಾತು ಮಾತ್ರ. ಸೀದಾ ಡ್ರಮ್ಮಿನ ಬಳಿ ಬಂದು ಕುಕ್ಕರಗಾಲಲ್ಲಿ ಕುಳಿತು ಅಕ್ಷರಗಳ ಮೇಲೆ ಬೆರಳಾಡಿಸಿದಳು.

"ಇದು... ಆಸಿಡ್. ಗಟ್ಟಿ. ಕೈ ಮೇಲೆ ಬಿದ್ದರೆ..." ಎಂದು ಹೇಳಿ, ಮಾತು ಸಿಗದೆ ಒಂದು ಕೈಯಿಂದ ಇನ್ನೊಂದನ್ನು ಕಚ್ಚುವಂತೆ ತೋರಿಸಿದಳು.

"ತಿನ್ನತ್ತೆ!" ಎಂದಳು ಮೂರು ಮಕ್ಕಳವಳು.

"ಹಾಂ. ತಿನ್ನತ್ತೆ. ಚರ್ಮ, ಮೂಳೆ. ನೀರು ಹಾಕು, ಬಹಳ ನೀರು. ಉಜ್ಜಬೇಡ. ಎಣ್ಣೆ ಬೇಡ." ಎದೆಯ ಚಿತ್ರ ತೋರಿಸಿ ತನ್ನ ಎದೆಯ ಮೇಲೆ ಕೈಯಿಟ್ಟು ಕೆಮ್ಮಿದಳು. "ಹೊಗೆ ಒಳಗೆ ಹೋದರೆ, ನಿಧಾನ, ವರ್ಷ ವರ್ಷ, ಹಾಳು."

ನಮ್ಮಲ್ಲಿ ಎಷ್ಟೋ ಜನಕ್ಕೆ ಆ ಕೆಮ್ಮು ಇತ್ತು. ಹಣೆಗೊತ್ತಿಕೊಳ್ಳುತ್ತಿದ್ದ ಅಜ್ಜಿ ಎದ್ದು ಹೋಗಿ ನಲ್ಲಿಯಲ್ಲಿ ಹಣೆ ತೊಳೆದುಕೊಂಡು ಬಂದಳು.

ಮಾಮೊಹಾಪಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದು ಡ್ರಮ್ಮಿನ ಮೇಲೆ ದೊಡ್ಡದಾಗಿ ಕೊತ್ಸಿ ಎಂದು ಬರೆದಳು. ನಮ್ಮ ಮಾತಿನಲ್ಲಿ ಅಪಾಯ. ಅದರ ಕೆಳಗೆ "ಕೈ ತಿನ್ನುತ್ತದೆ" ಎಂದು ಬರೆದು ಲೆಬೊನಾ ಅವರ ಕಡೆ ತಿರುಗಿದಳು. "ಇಷ್ಟೇ ಕೇಳಿದ್ದು. ಇಷ್ಟಕ್ಕೆ ಒಬ್ಬಳ ಕೈ ಕೊಡಬೇಕಾಯ್ತು. ಅವಳನ್ನು ವಾಪಸ್ ಕರೆಸಿ, ಯಂತ್ರ ಓಡತ್ತೆ."

ಕಳುಹಿಸಬೇಕಾದ ಮಾಲು ರಾಶಿ ಬಿದ್ದಿತ್ತು, ಮೇಲಿನವರ ಫೋನು ಬಿಡದೆ ಹೊಡೆದುಕೊಳ್ಳುತ್ತಿತ್ತು. ಲೆಬೊನಾ ಮಹಡಿ ಹತ್ತಿ ಹೋದರು. ಇಳಿದು ಬಂದಾಗ ಅವರ ಕೈಯಲ್ಲಿ ಕಪಾಟಿನ ಬೀಗದ ಕೈ ಇತ್ತು. "ಸೋಮವಾರ ಬರಕ್ಕೆ ಹೇಳು ಅವಳಿಗೆ," ಎಂದು ಹೇಳಿ ಬೀಗದ ಕೈಯನ್ನು ಮಾಮೊಹಾಪಿಗೆ ಕೊಟ್ಟರು.

ಕೆಕೆಟ್ಸೊ ಬಂದಳು. ಎಡಗೈಯ ಎರಡು ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ. ಗುಂಡಿ ಹಾಕುವ ವಿಭಾಗಕ್ಕೆ ಹೋಗು, ಅಲ್ಲಿ ಹಗುರ ಎಂದರೆ ಒಲ್ಲೆ ಎಂದಳು. ಚೀಟಿ ಅಂಟಿಸುವ ಕೆಲಸ ಅವಳೇ ಕೇಳಿ ತೆಗೆದುಕೊಂಡಳು. ಪಾಲೆಸಾ ಓದಿ ಹೇಳುತ್ತಾಳೆ, ಇವಳು ಅವಳ ಸೆಸೊಥೊ ತಿದ್ದಿ ನಗುತ್ತ ಬರೆಯುತ್ತಾಳೆ. ಗ್ಲೌಸ್ ಹೊಸದು ಬಂದಿದೆ. ಗಾಳಿ ಎಳೆಯುವ ಫ್ಯಾನು ಹಾಕಿಸುತ್ತೇವೆ ಎಂದಿದ್ದಾರೆ, ಇನ್ನೂ ಹಾಕಿಲ್ಲ. ಆಫೀಸಿನ ಕಡತದಲ್ಲಿ ಕೆಕೆಟ್ಸೊಳ ಹೆಸರಿನಲ್ಲಿ ಒಂದು ತಪ್ಪಿನ ಎಚ್ಚರಿಕೆ ಹಾಗೆಯೇ ಉಳಿದಿದೆ.

ಮೊನ್ನೆ ಚೀಟಿಯಿಲ್ಲದ ಡ್ರಮ್ಮುಗಳು ಲಾರಿಯಲ್ಲಿ ಬಂದವು. ಚಾಲಕ ಅವಸರದವನು, ಇಳಿಸಿಕೊಳ್ಳಿ, ಕಾಗದ ನಾಳೆ ಬರುತ್ತದೆ ಎಂದ. ಮಾಮೊಹಾಪಿ ಲಾರಿಯ ಹಿಂಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಹಂಗಾದ್ರೆ ಡ್ರಮ್ಮೂ ನಾಳೆನೇ ಬರಲಿ, ನ್ತಾತೆ," ಎಂದಳು. "ಗಾಡಿ ತಿರುಗಿಸು."