ಟೇಪು ಹಿಡಿದವಳ ಬಾಯಿ

"ಇನ್ನೊಂದು ಸಲ ಬಿಚ್ಚಿಬಿಡೇ, ಸೊಂಟ ಬಿಗಿಯಾಗ್ತಿದೆ," ಎಂದು ಅತ್ತಿಗೆ ತನ್ನ ಅಂಗಿಯನ್ನು ನಾದಿನಿಯ ಹೊಲಿಗೆ ಯಂತ್ರದ ಮೇಲೆ ಎಸೆದಳು.

ಆ ಹೊಲಿಗೆ ಅಂಗಡಿಗೊಂದು ಕಟ್ಟಳೆಯಿತ್ತು: ಟೇಪು ಹಿಡಿದವಳು ಬಾಯಿ ಬಿಡಬಾರದು. ಯಾರು ದಪ್ಪಗಾದರು, ಯಾರು ಸೊರಗಿದರು ಎಂದು ಆಡಿದರೆ ಗಿರಾಕಿ ಮತ್ತೆ ಮೆಟ್ಟಿಲು ಹತ್ತುವುದಿಲ್ಲ. ತಾಯಿ ಕಲಿಸಿದ ಈ ಪಾಠವನ್ನು ನಾದಿನಿ ಮನೆಯವರ ವಿಷಯದಲ್ಲೂ ಚಾಚೂ ತಪ್ಪದೆ ಪಾಲಿಸಿದ್ದಳು. ಅಣ್ಣ ತೀರಿಹೋದ ಮೇಲೆ ಅಂಗಡಿಯ ಇಸ್ತ್ರಿ ಕೆಲಸಕ್ಕೆ ನಿಂತ ಅತ್ತಿಗೆಯ ಸೊಂಟಪಟ್ಟಿಯನ್ನು ಎಷ್ಟೋ ಸಲ ಸಡಿಲಿಸಿದ್ದಳು, ಯಾಕೆಂದು ಕೇಳಿರಲಿಲ್ಲ. ಬೀದಿಯವರು ಮಾತ್ರ ಕೇಳದೆಯೇ ಲೆಕ್ಕ ಹಾಕಿಬಿಟ್ಟಿದ್ದರು: ಗಂಡನಿಲ್ಲದವಳ ಹೊಟ್ಟೆ ಯಾಕೆ ಮುಂದೆ ಬಂತು? ಎಂಥ ಜನವಪ್ಪ!

"ತೋಳು ಜೋಲಾಡ್ತಿದೆ, ಅದನ್ನೂ ಸ್ವಲ್ಪ ಹಿಡಿ," ಎಂದಳು ಅತ್ತಿಗೆ.

ನಾದಿನಿಯ ಕೈ ನಿಂತಿತು. ಒಂದೇ ಅಂಗಿಗೆ ಸೊಂಟ ಬಿಚ್ಚಿ, ತೋಳು ಹಿಡಿಯುವುದೆಂದರೇನು? ಮೈ ಸೊರಗುತ್ತಿದೆ, ಹೊಟ್ಟೆ ಮಾತ್ರ ಬೆಳೆಯುತ್ತಿದೆ. ಅವಳು ಟೇಪು ಕೆಳಗಿಟ್ಟಳು.

"ಅತ್ತಿಗೆ, ಇದು ಬೊಜ್ಜಲ್ಲ. ನಡೀರಿ ಆಸ್ಪತ್ರೆಗೆ."

"ಸುಮ್ನಿರೇ!" ಒಳಗಿಂದ ಬಂದ ತಾಯಿ ಗದರಿದಳು. "ಇವಳು ಹೊಟ್ಟೆ ಸ್ಕ್ಯಾನಿಗೆ ಹೋಗಿ ಕೂತರೆ ಜನ ಏನಂತಾರೆ? ದೊಗಲೆ ಅಂಗಿ ಹೊಲಿದುಕೊಡು, ಸಾಕು. ನಾನೂ ಇದೇ ಬೀದೀಲಿ ಗಂಡನಿಲ್ಲದೆ ಬದುಕಿದೋಳು. ಒಂದು ಮಾತು ಎಷ್ಟು ವರ್ಷ ಚುಚ್ಚುತ್ತೆ ಅಂತ ನಂಗೊತ್ತು."

ಅತ್ತಿಗೆ ಇಸ್ತ್ರಿಪೆಟ್ಟಿಗೆ ಕುಕ್ಕಿದಳು. "ಅತ್ತೆ, ಎಲುಬಿಲ್ಲದ ನಾಲಿಗೆಗೆ ಹೆದರಿ ನಾನು ಸಾಯಲ್ಲ. ಹಗಲಲ್ಲೇ ಹೋಗ್ತೀನಿ, ಬೀದಿ ಮಧ್ಯದಲ್ಲೇ. ನೋಡೋರು ಕಣ್ತುಂಬ ನೋಡ್ಕೊಳ್ಳಲಿ!"

ಸ್ಕ್ಯಾನಿನಲ್ಲಿ ಕಂಡದ್ದು ಮಗುವಲ್ಲ, ಹೊಟ್ಟೆಯ ಹಿಂಬದಿಯ ಮೆದು ಅಂಗಾಂಶದಲ್ಲಿ ಬೆಳೆದ ಗಡ್ಡೆ.

"ಅಪರೂಪದ್ದು," ಎಂದರು ಡಾಕ್ಟರಮ್ಮ. "ನೋವೇ ಇಲ್ಲದೆ ಬೆಳೀತಾ ಹೋಗುತ್ತೆ. ಹಾಗಂತ ಅವಸರದಲ್ಲಿ ಕೊಯ್ಯೋದು ಬೇಡ. ಮೊದಲು ಸೂಜಿ ಹಾಕಿ ಒಂದು ಚೂರು ತೆಗೆದು, ಯಾವ ಜಾತಿ ಗಡ್ಡೆ ಅಂತ ನೋಡೋಣ. ಆಮೇಲೆ ಇದರಲ್ಲಿ ಪಳಗಿದ ತಂಡದ ಕೈಲಿ ಇಡಿಯಾಗಿ ತೆಗೆಸೋಣ."

"ಸೂಜಿ ತಾನೇ? ನಮ್ಮನೇಲಿ ಸೂಜಿಗೆ ಯಾರೂ ಹೆದರಲ್ಲ," ಎಂದಳು ಅತ್ತಿಗೆ. ನಾದಿನಿಯ ಕೈಯನ್ನು ಮಾತ್ರ ಬಿಗಿಯಾಗಿ ಹಿಡಿದುಕೊಂಡಿದ್ದಳು.

ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆಯ ಜೊತೆ ಅದಕ್ಕೆ ಅಂಟಿದ್ದ ಒಂದು ಮೂತ್ರಪಿಂಡವೂ ಹೋಯಿತು. ಮತ್ತೆ ಬರುವುದಿಲ್ಲವೆಂದು ಯಾರೂ ಭರವಸೆ ಕೊಡಲಿಲ್ಲ. ಆಗಾಗ ಬಂದು ಸ್ಕ್ಯಾನ್ ಮಾಡಿಸಬೇಕೆಂದರು. ಅತ್ತಿಗೆ ಇಸ್ತ್ರಿ ಮೇಜಿಗೆ ಮರಳಿದಳು, ಈಗ ಸೊಂಟ ಕಿರಿದು ಮಾಡಿಸಿದ ಅದೇ ಅಂಗಿಯಲ್ಲಿ.

ಒಂದು ದಿನ ಎದುರುಮನೆಯಾಕೆ ಬಂದಳು. ಹಿಂದೆ ಲೆಕ್ಕ ಹಾಕಿದವರಲ್ಲಿ ಅವಳೂ ಒಬ್ಬಳು. ಈಗ ಅವಳ ಅಂಗಿಯ ಸೊಂಟವೇ ಬಿಗಿಯಾಗಿತ್ತು. ನಾದಿನಿ ಟೇಪು ಸುತ್ತುತ್ತಿದ್ದಂತೆ ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದ ತಾಯಿ ತಲೆಯೆತ್ತಿದಳು.

"ಏನಮ್ಮಾ, ಮುಖ ಸೊರಗಿದೆ, ಹೊಟ್ಟೆ ಯಾಕೆ ಹೀಗಿದೆ? ಡಾಕ್ಟರಿಗೆ ತೋರಿಸಿದ್ಯಾ?"

ಎದುರುಮನೆಯಾಕೆ ತಬ್ಬಿಬ್ಬಾದಳು. "ಅಯ್ಯೋ, ಜನ ಏನಂತಾರೋ…"

"ಅನ್ನಲಿ ಬಿಡು. ನನ್ನ ಸೊಸೆ ಜೊತೆಗೆ ಬರ್ತಾಳೆ. ಬೀದಿ ಮಧ್ಯದಲ್ಲಿ ನಡೆಯೋದು ಅವಳಿಗೆ ಅಭ್ಯಾಸವಾಗಿದೆ."

ಅತ್ತಿಗೆ ಆಗಲೇ ಇಸ್ತ್ರಿಪೆಟ್ಟಿಗೆ ಆರಿಸಿ ಚಪ್ಪಲಿ ಮೆಟ್ಟುತ್ತಿದ್ದಳು.