ಬಚ್ಚಲ ಹಿಂದಿನ ಹುಣಿಸೆ

ಸಂಬಳ ತಿಂಗಳ ಕೊನೆವರೆಗೆ ಸಾಲದಿರುವುದಕ್ಕೆ ಹೆಂಡತಿ ರೇವಮ್ಮನ ಧಾರಾಳ ಕೈಯೇ ಕಾರಣವೆಂದು ಚನ್ನರಾಯಪಟ್ಟಣದ ಕೊಬ್ಬರಿ ಮಂಡಿಯ ಗುಮಾಸ್ತ ಷಡಕ್ಷರಿ ನಂಬಿದ್ದ. ಅದಕ್ಕೇ ಇಬ್ಬರಿಗೂ ಒಂದೊಂದು ಡಬ್ಬಿ ಇಟ್ಟ. ದಿನಸಿ ಬಿಟ್ಟು ಬೇರೇನಕ್ಕೆ ಒಂದಾಣೆ ಖರ್ಚಾದರೂ ಖರ್ಚು ಮಾಡಿದವರು ತಮ್ಮ ಡಬ್ಬಿಗೆ ಒಂದು ಹುಣಿಸೆ ಬೀಜ ಹಾಕಬೇಕು.

ಹೋಟೆಲಿನ ಕಾಫಿ, ದೋಸೆ, ಎಲೆಯಡಿಕೆ ಎಂದು ಹತ್ತೇ ದಿನಕ್ಕೆ ಅವನ ಡಬ್ಬಿ ತುಂಬಿತು. ನಾಚಿಕೆಯಾಗಿ ದಿನಾ ಸ್ನಾನಕ್ಕೆ ಹೋಗುವಾಗ ಒಂದು ಹಿಡಿ ಬೀಜ ಬಚ್ಚಲ ಹಿಂದಕ್ಕೆ ಎಸೆಯತೊಡಗಿದ.

ತಿಂಗಳ ಕೊನೆಗೆ ರೇವಮ್ಮನ ಡಬ್ಬಿಯೇ ಭಾರವಾಗಿತ್ತು. ಅವಳು ಹೂವು ಮುಡಿಯುವುದನ್ನು ಬಿಟ್ಟಳು. ಅವಳ ಬರಿಯ ಜಡೆ ನೋಡಿ ನೋಡಿ ಅವನೂ ಹೋಟೆಲು ಬಿಟ್ಟ. ನಿಜ ಹೇಳಲು ಮಾತ್ರ ಬಾಯಿ ಬರಲಿಲ್ಲ.

ಒಂದು ಬೆಳಗ್ಗೆ ಬಚ್ಚಲ ಹಿಂದಿನಿಂದ ಅವಳು ಕರೆದಳು. ಒದ್ದೆ ನೆಲದ ತುಂಬ ಹುಣಿಸೆ ಸಸಿ.

"ಬನ್ನಿ," ಎಂದಳು, "ಇವುನ್ನೂ ಎಣಿಸ್ಬುಡಾನ."