ಹಿಂಬಾಗಿಲಿನ ಬೀಗ

ನಾನು ಹಾಕಿದ ಬೀಗವನ್ನು ನಾನೇ ತೆಗೆಯಬೇಕು, ಇನ್ನೊಬ್ಬನ ಕೈಯಲ್ಲಿ ಆಗುವುದಿಲ್ಲ ಎಂದು ಅಂಗಡಿಗೆ ಬಂದವರೆದುರು ಜಂಬ ಕೊಚ್ಚುವುದು ನನ್ನ ಚಾಳಿ. ಹೆಂಡತಿಗೆ ಅದನ್ನು ಕೇಳಿ ಕೇಳಿ ಕಿವಿ ತೂತು ಬಿದ್ದಿದೆ. ಅವತ್ತು ಬೆಳಿಗ್ಗೆಯೂ ಒಬ್ಬ ಗಿರಾಕಿಗೆ ಅದನ್ನೇ ಹೇಳುತ್ತಿದ್ದೆ. ಅವನು ಹೋದದ್ದೇ ತಡ, ಇವಳು ಕೀ ಕತ್ತರಿಸುವ ಯಂತ್ರದ ಪಕ್ಕದ ಡಬ್ಬಿಯಿಂದ ಹಲ್ಲಿಲ್ಲದ ಒಂದು ಹೊಸ ಕೀ ಎತ್ತಿ ನನ್ನ ಮೂಗಿನ ಮುಂದೆ ಹಿಡಿದಳು.

"ಇದು ಯಾವ್ದು ಹೇಳಿ ನೋಡೋಣ?"

"ಅಮ್ಮನ ಮನೆ ಹಿಂಬಾಗಿಲಿಂದು. ಕತ್ತರಿಸ್ಬೇಕು."

"ಯಾವಾಗ? ಊರಿಗೆಲ್ಲ ಕೀ ಮಾಡಿಕೊಡ್ತೀರಿ, ಹೆತ್ತಮ್ಮನ ಮನೆಗೆ ಒಂದು ಮಾಡೋಕೆ ಪುರುಸೊತ್ತಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅಂತ ಹಿರಿಯರು ಸುಮ್ನೆ ಹೇಳಿಲ್ಲ. ಬೆಂಕಿ ಗಿಂಕಿ ಬಿದ್ರೆ ಒಳಗಿರೋ ಇಬ್ರು ಹೆಂಗಸ್ರು ಎಲ್ಲಿಂದ ಓಡ್ಬೇಕು?"

"ನಾಳೆ ಮಾಡ್ತೀನಿ ಕಣೇ, ತಲೆ ತಿನ್ಬೇಡ."

ಮಾತು ಮುಗಿಯುವುದರೊಳಗೆ ಅಂಗಡಿ ಮುಂದೆ ಬಿಳಿ ವ್ಯಾನು ಬಂದು ನಿಂತಿತು. ವಿದೇಶಿಯರ ಕಚೇರಿಯ ವ್ಯಾನು. ಹೆಂಡತಿ ಕೀಯನ್ನು ಡಬ್ಬಿಗೆ ಹಾಕಿ, ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಆ ಕಚೇರಿಯವರು ಅನುಮತಿಯಿಲ್ಲದೆ ಉಳಿದ ಹೊರದೇಶದವರನ್ನು ಹುಡುಕಿಕೊಂಡು ಹೋದಾಗ ಬಾಗಿಲು ತೆಗೆಯದಿದ್ದರೆ ನನ್ನನ್ನು ಕರೆಯುತ್ತಾರೆ. ಒಡೆಯುವುದಕ್ಕಿಂತ ತೆಗೆಸುವುದು ಮರ್ಯಾದೆ ಎಂದು ಅಲ್ಲಿನ ಮೇಡಂ ಅಭಿಪ್ರಾಯ. ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದೇನೆ, ಅದಕ್ಕೆ ನನ್ನದೇ ಒಂದು ಪದ್ಧತಿಯಿದೆ. ಬೀಗ ಬಿಟ್ಟುಕೊಂಡ ಕೂಡಲೇ ಪಕ್ಕಕ್ಕೆ ಸರಿದು ಗೋಡೆಗೆ ಮುಖ ಮಾಡಿ ನಿಲ್ಲುತ್ತೇನೆ. ಬಾಗಿಲು ತೆಗೆಯುವುದು ನನ್ನ ಕೆಲಸ, ಒಳಗೆ ನೋಡುವುದು ನನ್ನದಲ್ಲ. ಗೋಡೆ ನೋಡಿದವನಿಗೆ ರಾತ್ರಿ ನಿದ್ದೆ ಬರುತ್ತದೆ ಎಂದುಕೊಂಡಿದ್ದೆ. ಬರುತ್ತಲೂ ಇತ್ತು.

ವ್ಯಾನು ಹತ್ತಿದರೆ ಮೊದಲು ಫೋನನ್ನು ಅವರ ಡಬ್ಬಿಗೆ ಹಾಕಬೇಕು. ಎಲ್ಲಿಗೆ ಎಂದು ಯಾರೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಮೇಡಂ ಮುಂದೆ, ನಾನು ಹಿಂದೆ, ನನ್ನ ಪಕ್ಕ ಒಬ್ಬ ಪೊಲೀಸಿನವನು. ಅವನಿಗೆ ನಾನಿಟ್ಟ ಹೆಸರು ಆಕಳಿಕೆ. ಹೆಸರಿಗೆ ತಕ್ಕ ಹಾಗೆ ಅವತ್ತೂ ಬಾಯಿ ತೆರೆದುಕೊಂಡೇ ಕೂತಿದ್ದ.

ವ್ಯಾನು ಔಷಧಿ ಅಂಗಡಿಯ ತಿರುವಿನಲ್ಲಿ ಎಡಕ್ಕೆ ಹೊರಳಿತು. ಇರಲಿ, ಆ ಕಡೆ ನೂರು ಮನೆಗಳಿವೆ. ಶಾಲೆ ದಾಟಿತು. ಇರಲಿ. ಸೈಕಲ್ ರಿಪೇರಿಯವನ ಎದುರಿನ ನಾಲ್ಕಂತಸ್ತಿನ ಕಟ್ಟಡದ ಮುಂದೆ ನಿಂತಿತು. ಅದರ ಎರಡನೇ ಅಂತಸ್ತಿನಲ್ಲಿ ನನ್ನ ತಾಯಿ ಇದ್ದಾಳೆ.

ಇದ್ದಾಳೆ, ಜೊತೆಗೆ ಆ ಹುಡುಗಿಯೂ ಇದ್ದಾಳೆ.

ಹುಡುಗಿ ಹೊರದೇಶದವಳು. ಒಬ್ಬರು ಮುದುಕರನ್ನು ನೋಡಿಕೊಳ್ಳಲು ಈ ದೇಶಕ್ಕೆ ಬಂದಿದ್ದಳು. ಕಾಯ್ದೆ ಹೇಗಿದೆ ಎಂದರೆ, ಯಾರ ಮನೆಯ ಕೆಲಸಕ್ಕೆಂದು ಅನುಮತಿ ಸಿಕ್ಕಿತೋ ಆ ಮನೆಗಷ್ಟೇ ಅದು. ಮುದುಕರು ಕಣ್ಣು ಮುಚ್ಚಿದರು, ಅವರ ಜೊತೆ ಇವಳ ಅನುಮತಿಯೂ ಸತ್ತಿತು. ಬೇರೆ ಮನೆ ಹಿಡಿಯಬೇಕೆಂದರೆ ತನ್ನ ದೇಶಕ್ಕೆ ವಾಪಸು ಹೋಗಿ ಮೊದಲಿಂದ ಅರ್ಜಿ ಹಾಕಬೇಕು. ಹಾಗೆ ಹೋದವರು ತಿರುಗಿ ಬಂದದ್ದನ್ನು ನಾನಂತೂ ಕಂಡಿಲ್ಲ. ಹೋಗದೆ ಉಳಿದು ಸಿಕ್ಕಿಬಿದ್ದರೆ ಬೆರಳಚ್ಚು ತೆಗೆದುಕೊಂಡು ವಿಮಾನ ಹತ್ತಿಸುತ್ತಾರೆ. ಆಮೇಲೆ ಈ ಜನ್ಮದಲ್ಲಿ ಗಡಿಯ ಈಚೆ ಕಾಲಿಡುವಂತಿಲ್ಲ. ಮನೆಯಲ್ಲಿಟ್ಟುಕೊಂಡವರಿಗೆ ಜೈಲು. ಅವಳ ತಾಯಿಯೂ ಹಾಸಿಗೆ ಹಿಡಿದವಳು, ಆಕೆಯ ಔಷಧಿ ಇವಳ ದುಡಿಮೆಯಿಂದಲೇ ನಡೆಯಬೇಕು. ನನಗೂ ಅಮ್ಮನನ್ನು ನೋಡಿಕೊಳ್ಳುವವರು ಬೇಕಿತ್ತು. ಇಬ್ಬರ ಗರಜೂ ಸೇರಿ ಒಂದು ಸಂಸಾರವಾಯಿತು.

ನಮ್ಮ ಭಾಷೆಯನ್ನು ಅವಳು ಕಲಿತದ್ದು ಅಮ್ಮನಿಂದ. ಹಾಗಾಗಿ ಇಪ್ಪತ್ತೈದರ ಹುಡುಗಿಯ ಬಾಯಲ್ಲಿ ಎಪ್ಪತ್ತೈದರ ಮುದುಕಿಯ ಮಾತು. ನಾನು ತಡವಾಗಿ ಹೋದರೆ, "ಏನಣ್ಣ, ದಾರಿ ತಪ್ಪಿದ ದೇವರ ಹಾಗೆ ಬಂದ್ರಿ?" ಎನ್ನುವಳು. ಅಮ್ಮನಿಗೆ ಮರೆವಿನ ಕಾಯಿಲೆ. ಹುಡುಗಿಯನ್ನು ಮಗಳೇ ಎನ್ನುತ್ತಾಳೆ. ನಾನು ಮಗ ಎಂಬುದು ಮಾತ್ರ ಎಂದೋ ಮರೆತುಹೋಗಿದೆ. ಸಂಜೆ ಹೋದರೆ, "ಬೀಗದವ್ನು ಬಂದಿದ್ದಾನೆ ಮಗಳೇ, ಬೀಗ ಏನಾದ್ರೂ ಕೆಟ್ಟಿದ್ಯಾ?" ಎಂದು ಕೇಳುತ್ತಾಳೆ. ಹುಡುಗಿ ದಿನಾ ತಪ್ಪದೆ ತಿದ್ದುವಳು: "ಬೀಗದವ್ನಲ್ಲಮ್ಮ, ನಿಮ್ ಮಗ. ನೀವೇ ಹೊತ್ತು ಹೆತ್ತಿದ್ದು." ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟು ದಪ್ಪದ್ದನ್ನಾ?" ಎನ್ನುವಳು. ಮೂವರೂ ನಗುತ್ತಿದ್ದೆವು. ಆ ಒಂದು ನಿಮಿಷಕ್ಕಾಗಿಯೇ ನಾನು ಸಂಜೆ ಕಾಯುತ್ತಿದ್ದೆ.

ಅವಳು ಬಂದ ದಿನವೇ ಹೇಳಿಕೊಟ್ಟಿದ್ದೆ. ಯಾರು ತಟ್ಟಿದರೂ ತೆಗೆಯಬೇಡ, ನನ್ನ ಹತ್ತಿರ ಕೀ ಇದೆ. ಹೆಚ್ಚುಕಮ್ಮಿಯಾದರೆ ಅಡುಗೆಮನೆಯ ಹಿಂಬಾಗಿಲು ತೆಗೆದು ಮೆಟ್ಟಿಲಿಳಿದು ಓಣಿ ಹಿಡಿ, ಸೀದಾ ನಮ್ಮ ಮನೆಗೆ ಓಡು, ಉಳಿದದ್ದನ್ನು ನಿನ್ನ ಅತ್ತಿಗೆ ನೋಡಿಕೊಳ್ಳುತ್ತಾಳೆ.

ಈ ಮಾತು ನೆನಪಾದದ್ದರಿಂದಲೇ ಅವತ್ತು ಮೆಟ್ಟಿಲು ಹತ್ತುವಾಗ ನನಗೆ ಜೀವದಲ್ಲಿ ಜೀವ ಇತ್ತು. ನಾನು ಒಲ್ಲೆ ಎಂದರೆ ಬಾಗಿಲು ಒಡೆಯುತ್ತಾರೆ. ನಾನೇ ಕೂತು ತಡ ಮಾಡಿದರೆ ಅವಳಿಗೆ ಇಳಿದು ಓಡಲು ಹೊತ್ತು ಸಿಗುತ್ತದೆ.

ಮೇಡಂ ಬಾಗಿಲು ತಟ್ಟಿದರು. ಒಳಗೆ ರೇಡಿಯೋ ಹಾಡುತ್ತಿದ್ದದ್ದು ಗಪ್ಪನೆ ನಿಂತಿತು. ಮತ್ತೆ ತಟ್ಟಿದರು. ಉತ್ತರವಿಲ್ಲ.

"ತೆಗೀರಿ," ಎಂದರು ನನಗೆ.

ನಾನು ಕೂತೆ. ಆ ಬಾಗಿಲಿನ ಕೀ ನನ್ನ ಪ್ಯಾಂಟಿನ ಜೇಬಿನಲ್ಲೇ ಇತ್ತು. ಹೊರಗೆ ತೆಗೆದರೆ ನಾನು ಕೆಟ್ಟೆ. ನನ್ನ ಬೀಗವನ್ನು ನಾನೇ ಕಳ್ಳನ ಹಾಗೆ ಕಡ್ಡಿ ಹಾಕಿ ತೆಗೆಯಬೇಕು. ಪೆಟ್ಟಿಗೆ ಬಿಚ್ಚಿ ಕೊಕ್ಕೆ ಕಡ್ಡಿಗಳನ್ನು ಒಂದೊಂದಾಗಿ ಒರೆಸಿದೆ. ಕನ್ನಡಕ ಒರೆಸಿದೆ. ಆಮೇಲೆ ಕಟ್ಟಡಕ್ಕೆಲ್ಲ ಕೇಳುವ ಹಾಗೆ ಕಿರುಚಿದೆ:

"ಮೇಡಂ! ಇದು ಭಾರೀ ಬೀಗ! ಹೊತ್ತು ಹಿಡಿಯತ್ತೆ! ಕಚೇರಿಯೋರು ಸ್ವಲ್ಪ ತಾಳ್ಮೆಯಿಂದ ಇರ್ಬೇಕು!"

"ನನಗೆ ಕಿವಿ ಕೇಳತ್ತೆ ಕಣ್ರೀ," ಎಂದರು ಮೇಡಂ.

ಒಳಗೆ ಬರಿಗಾಲಿನ ಸದ್ದು ಅಡುಗೆಮನೆಯ ಕಡೆ ಹೋಯಿತು. ಶಹಬ್ಬಾಸ್ ಮಗಳೇ, ಓಡು ಎಂದು ಮನಸ್ಸಿನಲ್ಲೇ ಅಂದೆ. ಕಡ್ಡಿಯನ್ನು ಬೀಗದೊಳಗೆ ಸುಮ್ಮನೆ ಆಡಿಸುತ್ತ, ಕೆಮ್ಮುತ್ತ, ಬೀಗ ಮಾಡಿದ ಕಂಪನಿಯ ವಂಶವನ್ನೆಲ್ಲ ಬೈಯುತ್ತ ಕೂತೆ. ಈಗ ಹಿಂಬಾಗಿಲು ತೆಗೆದಿರುತ್ತಾಳೆ. ಈಗ ಮೆಟ್ಟಿಲಿಳಿದಿರುತ್ತಾಳೆ. ಈಗ ಓಣಿ.

ಆಗ ಒಳಗಿನಿಂದ ಕೇಳಿಸಿತು. ಗಡ ಗಡ ಗಡ. ಮುಚ್ಚಿದ ಬಾಗಿಲನ್ನು ಯಾರೋ ಹಿಡಿದೆಳೆಯುವ ಸದ್ದು.

ನನ್ನ ಕೈ ನಿಂತುಹೋಯಿತು. ಅಯ್ಯೋ ನನ್ನ ಹಣೆಬರಹವೇ! ಬೆಳಿಗ್ಗೆ ಹೆಂಡತಿ ಮೂಗಿನ ಮುಂದೆ ಹಿಡಿದ ಕೀ ಗಾಬರಿಯಲ್ಲಿ ಮರೆತೇಹೋಗಿತ್ತು. ಮೂರು ತಿಂಗಳ ಹಿಂದೆ ಅಮ್ಮ ಒಂದು ಬೆಳಿಗ್ಗೆ ಅದೇ ಹಿಂಬಾಗಿಲಿನಿಂದ ಇಳಿದು, ಬರಿಗಾಲಲ್ಲಿ ಮುಖ್ಯರಸ್ತೆವರೆಗೆ ಹೋಗಿಬಿಟ್ಟಿದ್ದಳು. ಆ ಮಧ್ಯಾಹ್ನವೇ ಹೋಗಿ ಅಲ್ಲಿ ಬೀಗ ಹಾಕಿದ್ದೆ, ಒಳಗಿನಿಂದಲೂ ಕೀ ಬೇಕಾಗುವಂಥದ್ದು, ನನ್ನ ಅಂಗಡಿಯಲ್ಲಿದ್ದುದರಲ್ಲೇ ಗಟ್ಟಿಯಾದದ್ದು. "ನನಗೊಂದು ಕೀ ಅಣ್ಣ?" ಎಂದು ಹುಡುಗಿ ಕೇಳಿದ್ದಳು. "ಇರೋದು ಒಂದೇ. ನಿನ್ನ ಕೈಲಿ ಕೊಟ್ರೆ ಅಮ್ಮ ಎಗರಿಸ್ತಾಳೆ. ಇನ್ನೊಂದು ಮಾಡಿ, ಅವಳಿಗೆ ಸಿಗದ ಕಡೆ ಮೊಳೆ ಹೊಡೆದು ತೂಗುಹಾಕ್ತೀನಿ, ನಾಳೆ," ಎಂದಿದ್ದೆ. ಎರಡನೆಯದು ಡಬ್ಬಿಯಲ್ಲಿ ಹಲ್ಲಿಲ್ಲದೆ ಬಿದ್ದಿದೆ. ಮೊದಲನೆಯದು ಇದೇ ಜೇಬಿನಲ್ಲಿ, ಕೂತಲ್ಲೇ ನನ್ನ ತೊಡೆಗೆ ಒತ್ತುತ್ತಿದೆ.

ಬೆಂಕಿ ಬಿದ್ದರೆ ಎಂದು ಹೆಂಡತಿ ಕೇಳಿದ್ದಳು. ಬೆಂಕಿ ಬಿದ್ದದ್ದಾಗಿತ್ತು.

ಗಡ ಗಡ ಸದ್ದು ಮೇಡಂಗೂ ಕೇಳಿಸಿತು. ನನಗೆ ಏನು ತೋಚಿತೋ, ತಟ್ಟನೆ ಎದ್ದು ನಿಂತೆ. "ಮೇಡಂ, ಇದು ಬಗ್ಗೋ ಪೈಕಿ ಅಲ್ಲ. ನಾನು ಹಿಂದಿನಿಂದ ಹೋಗ್ತೀನಿ. ಹಿಂಬಾಗಿಲು ಸುಲಭ, ಒಬ್ಬನೇ ಹೋಗಿ ತೆಗೀತೀನಿ, ನೀವು ಇಲ್ಲೇ ಇರಿ."

ಮೇಡಂ ನನ್ನನ್ನು ನೋಡಿದರು. "ಹಿಂಬಾಗಿಲಿದೆ ಅಂತ ನಿಮಗೆ ಹೇಗೆ ಗೊತ್ತು?"

"ಈ ಕಾಲದ ಕಟ್ಟಡಗಳಲ್ಲಿ ಇರತ್ತೆ ಮೇಡಂ. ಅಡುಗೆಮನೆ ಹತ್ರ."

"ಒಳ್ಳೇದಾಯ್ತು ಹೇಳಿದ್ದು," ಎಂದು ಅವರು ಪೊಲೀಸಿನವನ ಕಡೆ ತಿರುಗಿದರು. "ನೀನು ಹಿಂದಿನ ಮೆಟ್ಟಿಲ ಹತ್ರ ಹೋಗಿ ನಿಂತ್ಕೋ."

ಆಕಳಿಕೆ ಮೊದಲ ಬಾರಿಗೆ ಬಾಯಿ ಮುಚ್ಚಿಕೊಂಡು, ಎರಡೆರಡು ಮೆಟ್ಟಿಲು ಹಾರುತ್ತ ಓಡಿದ. ನನ್ನ ಬಾಯಿಗೆ ನಾನೇ ಮಣ್ಣು ಹಾಕಿಕೊಂಡೆ. ಈಗ ಕೀ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಒಳಗೆ ಗಡ ಗಡ ನಿಲ್ಲಲಿಲ್ಲ. ಇನ್ನು ತಡ ಮಾಡಿದಷ್ಟೂ ಅವಳು ಆ ಬಾಗಿಲಿಗೆ ತಲೆ ಚಚ್ಚಿಕೊಳ್ಳುವುದನ್ನು ಕೇಳುತ್ತ ಕೂರಬೇಕು. ತಡಮಾಡದಿದ್ದರೆ ನಾನೇ ಅವಳನ್ನು ಹಿಡಿದುಕೊಟ್ಟ ಹಾಗೆ. ಕೂತೆ, ಎದ್ದೆ, ಮತ್ತೆ ಕೂತೆ. ಬೆವರು ಕಣ್ಣಿಗಿಳಿದು ಬೀಗವೇ ಕಾಣುತ್ತಿರಲಿಲ್ಲ.

"ಆಗಲ್ಲ ಅಂದ್ರೆ ಹೇಳಿ. ಕಬ್ಬಿಣದ ಸಲಾಕೆ ತರಿಸ್ತೀನಿ," ಎಂದರು ಮೇಡಂ.

ಬಾಗಿಲ ಆಚೆ ಮೂರು ಮಾರು ದೂರದಲ್ಲಿ ಅಮ್ಮನ ಮಂಚ. ಸಲಾಕೆಯ ಏಟಿಗೆ ಅವಳ ಎದೆ ಒಡೆದುಹೋದೀತು. ಕಡ್ಡಿ ತಿರುಗಿಸಿದೆ. ನನ್ನ ಬೀಗ, ನನ್ನ ಕೈ, ಕೂಡಲೇ ಬಿಟ್ಟುಕೊಂಡಿತು. ಪಕ್ಕಕ್ಕೆ ಸರಿದು ಗೋಡೆಗೆ ಮುಖ ಮಾಡಿ ನಿಂತೆ.

ಆದರೆ ಕಿವಿಗೆ ಗೋಡೆ ಇಲ್ಲವಲ್ಲ.

"ಎಷ್ಟು ದಿನದಿಂದ ಇಲ್ಲಿದ್ದೀಯಮ್ಮ?" ಮೇಡಂ ದನಿ. ಹುಡುಗಿ ಏನೋ ಹೇಳಿದಳು. "ನಿನ್ನನ್ನ ಕೆಲಸಕ್ಕೆ ಇಟ್ಟುಕೊಂಡಿದ್ದು ಯಾರು?"

ನಾನು ಗೋಡೆಗೆ ಇನ್ನೂ ಹತ್ತಿರ ಸರಿದೆ.

"ಯಾರೂ ಇಟ್ಕೊಂಡಿಲ್ಲ ತಾಯಿ. ಈ ಅಜ್ಜಿ ಒಬ್ರೇ ಇದ್ರು. ಬಾಗಿಲು ತೆಗೆದೇ ಇತ್ತು. ಪಾಪ ಅನ್ನಿಸ್ತು, ಉಳ್ಕೊಂಡೆ."

"ಈ ಬೀಗ ನೋಡಿದ್ರೆ ಬಾಗಿಲು ತೆಗೆದಿಡೋ ಮನೆ ಥರ ಕಾಣಲ್ಲ," ಎಂದರು ಮೇಡಂ. ಆಮೇಲೆ, "ಬೀಗದವರೇ, ಬನ್ನಿ ಒಳಗೆ. ಸಾಕ್ಷಿಗೆ ಒಬ್ಬರು ಬೇಕು."

ಒಳಗೆ ಹೋದೆ. ಅಮ್ಮ ಮಂಚದ ಮೇಲೆ ಕೂತಿದ್ದಳು. ಅರ್ಧ ತಲೆ ಬಾಚಿತ್ತು, ಇನ್ನರ್ಧ ಕೆದರಿತ್ತು. ಹುಡುಗಿ ಪಕ್ಕದಲ್ಲಿ ನಿಂತು ಉಳಿದರ್ಧ ಬಾಚುತ್ತಿದ್ದಳು. ಅವಳ ಬೆರಳ ತುದಿಯಲ್ಲಿ ರಕ್ತ. ನನ್ನ ಕಡೆ ನೋಡಲಿಲ್ಲ.

ಅಮ್ಮನ ಮುಖ ಅರಳಿತು. "ಬೀಗದವ್ನು ಬಂದ ಮಗಳೇ!"

ಹುಡುಗಿ ತಿದ್ದುತ್ತಾಳೆ, ಅಭ್ಯಾಸಬಲದಿಂದ ಬಾಯಿಗೆ ಬಂದೇಬಿಡುತ್ತದೆ ಎಂದು ನಾನು ನಡುಗಿದೆ. ಹೌದು, ನಡುಗಿದೆ. ಅವಳ ಗತಿಗಿಂತ ಆ ಕ್ಷಣದಲ್ಲಿ ನನ್ನ ಗತಿಯೇ ನನಗೆ ದೊಡ್ಡದಾಗಿತ್ತು. ಥೂ ನನ್ನ ಜನ್ಮಕ್ಕೆ!

ಹುಡುಗಿ ಬಾಚಣಿಗೆ ಕೆಳಗಿಟ್ಟಳು. "ಹೌದಮ್ಮ," ಎಂದಳು. "ಬೀಗದವರೇ. ಬೀಗದವರೇ ಬಂದಿದ್ದಾರೆ."

ಆಮೇಲೆ ನನ್ನ ಕಡೆ ತಿರುಗಿದಳು. ಪರಿಚಯವೇ ಇಲ್ಲದವರನ್ನು ನೋಡುವ ಕಣ್ಣು. "ಈ ಅಜ್ಜಿಗೆ ಮಾತ್ರೆ ಬರೀ ನೀರಲ್ಲಿ ಕೊಟ್ರೆ ಉಗೀತಾರೆ. ಬೆಲ್ಲದ ಚೂರಿನ ಜೊತೆ ಕೊಡ್ಬೇಕು. ಇವರ ಕಡೆಯೋರು ಯಾರಾದ್ರೂ ಬಂದ್ರೆ ಹೇಳ್ತೀರಾ ಯಜಮಾನ್ರೇ?"

ಹೇಳುತ್ತೇನೆ ಎಂದು ತಲೆಯಾಡಿಸಿದೆ.

ಮುದುಕಿಯನ್ನು ಒಬ್ಬಳನ್ನೇ ಬಿಟ್ಟು ಹೋಗುವುದು ಹೇಗೆ ಎಂದು ಮೇಡಂ ಯೋಚಿಸುತ್ತಿದ್ದರು. ಸಂಬಂಧಿಕರನ್ನು ಹುಡುಕಿಸಬೇಕು, ಯಾವುದೋ ಇಲಾಖೆಗೆ ಫೋನು ಮಾಡಬೇಕು ಎಂದರು. "ಯಾರಾದ್ರೂ ಬರೋವರೆಗೂ ನಾನಿರ್ತೀನಿ," ಎಂದೆ.

"ಒಳ್ಳೆ ಮನಸ್ಸು ನಿಮ್ದು," ಎಂದರು ಮೇಡಂ. ಅದಕ್ಕಿಂತ ಅವರು ನನ್ನ ಕೆನ್ನೆಗೆ ಬಾರಿಸಿದ್ದರೆ ಚೆನ್ನಾಗಿತ್ತು.

ಹುಡುಗಿ ಅಮ್ಮನ ಕಾಲು ಮುಟ್ಟಿ ಎದ್ದಳು. "ಎಲ್ಲಿಗೆ ಹೊರಟೆ?" ಎಂದಳು ಅಮ್ಮ. "ಹೀಗೆ ಹೋಗಿ ಹಾಗೆ ಬಂದೆ," ಎಂದಳು. ಅದೂ ಅಮ್ಮನೇ ಕಲಿಸಿದ ಮಾತು. ಮೆಟ್ಟಿಲಿಳಿಯುವ ಸದ್ದು ಕೇಳಿಸಿತು, ವ್ಯಾನಿನ ಬಾಗಿಲು ಹಾಕಿದ ಸದ್ದು ಕೇಳಿಸಿತು. ನಾನು ಕಿಟಕಿಯ ಬಳಿ ಹೋಗಲಿಲ್ಲ.

ಅಡುಗೆಮನೆಗೆ ಹೋದೆ. ಹಿಂಬಾಗಿಲ ಬಳಿ ಅವಳ ಚಪ್ಪಲಿ ಬಿದ್ದಿದ್ದವು, ಪಕ್ಕದಲ್ಲಿ ಬಟ್ಟೆಯ ಒಂದು ಚಿಕ್ಕ ಚೀಲ. ಬೀಗದ ತೂತಿನಲ್ಲಿ ಒಂದು ಚಮಚದ ಹಿಡಿ ಸಿಕ್ಕಿಕೊಂಡು ಸೊಟ್ಟಗಾಗಿತ್ತು. ಸುತ್ತಲಿನ ಮರವನ್ನು ಉಗುರಿನಲ್ಲಿ ಕೆರೆದಿದ್ದಳು. ಬೀಗ ಮಾತ್ರ ಒಂದು ಕೂದಲೆಳೆಯಷ್ಟೂ ಜಗ್ಗಿರಲಿಲ್ಲ. ನಾನು ಹಾಕಿದ ಬೀಗ.

ಜೇಬಿಗೆ ಕೈ ಹಾಕಿದೆ. ಚಮಚ ಎಳೆದು ತೆಗೆದು, ಕೀ ತೂರಿಸಿ ತಿರುಗಿಸಿದೆ. ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು. ಮೆಟ್ಟಿಲುಗಳು ಓಣಿಯವರೆಗೂ ಖಾಲಿಯಾಗಿದ್ದವು. ಮುಚ್ಚಿ ಕೀ ಹಾಕಲು ಮನಸ್ಸಾಗಲಿಲ್ಲ, ತೆರೆದೇ ಬಿಡಲು ಧೈರ್ಯವಾಗಲಿಲ್ಲ. ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ.

ಹಿಂದಿನಿಂದ ಅಮ್ಮ ಗೋಡೆ ಹಿಡಿದುಕೊಂಡು ಬಂದಳು. "ಬೀಗದವನೇ," ಎಂದಳು, "ನನ್ನ ಮಗಳು ಎಲ್ಲಿ?"

"ಹೀಗೆ ಹೋಗಿ ಹಾಗೆ ಬರ್ತಾಳಮ್ಮ," ಎಂದೆ.

"ಅಮ್ಮ ಅಂತೀಯಲ್ಲ, ನೀನು ಯಾರಪ್ಪ?"

ಹೇಳಲು ಬಾಯಿ ತೆರೆದೆ. ದಿನಾ ಅದನ್ನು ನನ್ನ ಪರವಾಗಿ ಹೇಳುತ್ತಿದ್ದವಳು ಅವಳು. ಇವತ್ತು ಅವಳು ಹೇಳದೆ ಇದ್ದದ್ದರಿಂದಲೇ ನಾನು ಇಲ್ಲಿ ಕೂತಿದ್ದೇನೆ.

"ಬೀಗದವನು," ಎಂದೆ.